ಚೀಟಿಯಲ್ಲಿ ಬಂದ ನಮ್ಮ ತಂಡ

ಬಬಲ್ ಗಮ್ಮಿನ ಜೊತೆ ಬರುತ್ತಿದ್ದ ಅಂಗೈಯಗಲದ ಕಾರ್ಡು ಹಳ್ಳಿಯ ಮಕ್ಕಳಿಗೆ ಕ್ರಿಕೆಟ್ ತಂಡವನ್ನೇ ಮನೆಗೆ ತಂದುಕೊಟ್ಟಿತು. ಲೆಕ್ಕ ಕಲಿಸಿತು, ಭೂಗೋಳ ಕಲಿಸಿತು, ಒಂದಿಷ್ಟು ಆಸೆಯನ್ನೂ ಹಚ್ಚಿತು. ಆ ಕಾರ್ಡಿನ ಮೇಲೆ ಯಾರ ಮುಖವಿತ್ತು, ಯಾರದ್ದು ಇರಲಿಲ್ಲ ಎಂಬುದೂ ಒಂದು ಪಾಠವೇ.

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಿಂದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಸುಮಾರು ಮುನ್ನೂರು ಕಿಲೋಮೀಟರ್ ದಾರಿ. ರಾಣೆಬೆನ್ನೂರಿಗೆ ಬಂದು ಬಸ್ಸೋ ರೈಲೋ ಹಿಡಿದರೆ ಒಂದು ರಾತ್ರಿಯ ಪ್ರಯಾಣ. ಖರ್ಚಿನ ಮಾತು ಬೇರೆ, ಟಿಕೆಟ್ಟಿನ ಮಾತು ಇನ್ನೂ ಬೇರೆ. ಊರಿನಲ್ಲಿ ಬೆರಳೆಣಿಕೆಯ ಟೀವಿಗಳಿದ್ದ ಕಾಲದಲ್ಲಿ, ಕರೆಂಟು ಯಾವಾಗ ಹೋದೀತೆಂಬ ಖಾತ್ರಿಯಿಲ್ಲದ ಕಾಲದಲ್ಲಿ, ಇಂಥ ಊರಿನ ಹುಡುಗನೊಬ್ಬ ಭಾರತ ತಂಡವನ್ನು, ಅದರಲ್ಲಿದ್ದ ಕರ್ನಾಟಕದ ಆಟಗಾರರನ್ನು 'ನಮ್ಮವರು' ಎಂದು ಹಚ್ಚಿಕೊಂಡದ್ದು ಹೇಗೆ?

ಒಂದು ದಾರಿ ರೇಡಿಯೋ. ಇನ್ನೊಂದು ದಾರಿ ಮಾರನೆಯ ದಿನದ ಪತ್ರಿಕೆ. ಮೂರನೆಯದು ಕಿರಾಣಿ ಅಂಗಡಿಯ ಗಾಜಿನ ಬಾಟಲಿಯಲ್ಲಿತ್ತು. 'ಯವ್ವಾ, ಎಂಟಾಣೆ ಕೊಡಬೇ' ಎಂದು ಗೋಗರೆದು, 'ಆ ಚೀಟಿ ತಗೊಂಡು ಏನ್ ಮಾಡ್ತಿ? ಹೊಟ್ಟಿ ತುಂಬಸ್ತೈತೇನದು?' ಎಂದು ಬೈಸಿಕೊಂಡು, ಕೊನೆಗೂ ಚಿಲ್ಲರೆ ಸಿಕ್ಕಿತೆಂದರೆ ಅಂಗಡಿಗೆ ಓಟ. ಅಲ್ಲಿ ಕೊಳ್ಳುತ್ತಿದ್ದುದು ಬಬಲ್ ಗಮ್. ಬೇಕಾಗಿದ್ದುದು ಮಾತ್ರ ಅದರ ಜೊತೆಗಿನ ಕಾರ್ಡು! ಗಮ್ಮಿನ ಸಿಹಿ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಕಾರ್ಡು ಅಂಗಿಯ ಜೇಬಿನಿಂದ ಕಂಪಾಸ್ ಪೆಟ್ಟಿಗೆಗೆ, ಅಲ್ಲಿಂದ ಹಳೆಯ ಬಿಸ್ಕತ್ತಿನ ಡಬ್ಬಿಗೆ ಸೇರಿ ವರ್ಷಗಟ್ಟಲೆ ಉಳಿಯುತ್ತಿತ್ತು.

ಮಕ್ಕಳ ಈ ಹವ್ಯಾಸವನ್ನು ಹಿರಿಯರು ನಕ್ಕು ಬಿಟ್ಟದ್ದೇ ಹೆಚ್ಚು. ಆದರೆ ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಮಕ್ಕಳು ತಮ್ಮ ನೆಚ್ಚಿನ ತಂಡವನ್ನು ಹಿಂಬಾಲಿಸಿದ್ದು ಹೀಗೆಯೇ.

ಹೊಗೆಯೊಳಗೆ ಹುಟ್ಟಿದ ಕಾರ್ಡು

ಆಟಗಾರರ ಕಾರ್ಡು ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಸಿಗರೇಟ್ ತಯಾರಕರು ತೆಳು ಕಾಗದದ ಪೊಟ್ಟಣ ಮುದುಡದಿರಲೆಂದು ಒಳಗೆ ಒಂದು ರಟ್ಟಿನ ಚೂರನ್ನು ಇಡುತ್ತಿದ್ದರು. ಬರಿ ರಟ್ಟು ಏಕೆ, ಅದರ ಮೇಲೆ ಒಂದು ಚಿತ್ರವಿದ್ದರೆ ಗಿರಾಕಿ ಮತ್ತೆ ಬಂದಾನು ಎಂದು ಯಾರಿಗೋ ಹೊಳೆಯಿತು. ನಟಿಯರು, ಹಕ್ಕಿಗಳು, ಬಾವುಟಗಳು, ಕುಸ್ತಿಪಟುಗಳು ಬಂದರು. ಜೊತೆಗೆ ಬೇಸ್‌ಬಾಲ್ ಆಟಗಾರರೂ ಬಂದರು. ಅಪ್ಪ ಸಿಗರೇಟು ಸೇದಿದ, ಮಗ ಚಿತ್ರಕ್ಕೆ ಕೈಯೊಡ್ಡಿದ. ವ್ಯಾಪಾರಿಗೆ ಬೇಕಾಗಿದ್ದೂ ಅದೇ.

ಬೇಸ್‌ಬಾಲ್ ಎಂದರೆ ಅಮೆರಿಕನ್ನರಿಗೆ ನಮ್ಮ ಕ್ರಿಕೆಟ್ಟಿನಂತೆಯೇ ಮನೆಮನೆಯ ಆಟ. 1909ರಿಂದ 1911ರವರೆಗೆ ಅಲ್ಲಿನ ತಂಬಾಕು ಕಂಪನಿಯೊಂದು ಹೊರತಂದ ಕಾರ್ಡುಗಳ ಸರಣಿಯಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಚಿತ್ರವೂ ಇತ್ತು. ಅದರ ಮುದ್ರಣ ಬಹುಬೇಗ ನಿಂತುಹೋಯಿತು. ತನ್ನ ಚಿತ್ರಕ್ಕಾಗಿ ಮಕ್ಕಳು ತಂಬಾಕು ಕೊಳ್ಳುವುದು ಅವನಿಗೆ ಇಷ್ಟವಿರಲಿಲ್ಲ ಎಂದು ಕೆಲವರು ಹೇಳುತ್ತಾರೆ. ತನಗೆ ಹಣ ಕೊಡದೆ ಚಿತ್ರ ಹಾಕಿದ್ದಕ್ಕೆ ಮುನಿದ ಎಂದು ಇನ್ನು ಕೆಲವರು. ಕಾರಣ ಏನೇ ಇರಲಿ, ಉಳಿದಿರುವ ಪ್ರತಿಗಳು ಬೆರಳೆಣಿಕೆಯ ಡಜನ್ನುಗಳು ಮಾತ್ರ. 2022ರಲ್ಲಿ ಅಂಥದೊಂದು ಕಾರ್ಡು 72.5 ಲಕ್ಷ ಡಾಲರಿಗೆ ಮಾರಾಟವಾಯಿತು!

ಬರಬರುತ್ತ ತಂಬಾಕಿನ ಜಾಗಕ್ಕೆ ಬಬಲ್ ಗಮ್ ಬಂತು. 1952ರ ಸರಣಿಗಾಗಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಟಾಪ್ಸ್ ಎಂಬ ಗಮ್ ಕಂಪನಿಯ ಉದ್ಯೋಗಿ ಸೈ ಬರ್ಗರ್ ತನ್ನ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ಕುಳಿತು ಹೊಸ ಬಗೆಯ ಕಾರ್ಡಿಗೆ ರೂಪ ಕೊಟ್ಟ. ಮುಂದೆ ಬಣ್ಣದ ಚಿತ್ರ, ಹೆಸರು, ತಂಡದ ಲಾಂಛನ. ಹಿಂದೆ ಆಟಗಾರನ ಊರು, ಎತ್ತರ, ಹಿಂದಿನ ವರ್ಷದ ಸಾಧನೆಯ ಅಂಕಿ ಅಂಶ. ಒಟ್ಟು 407 ಕಾರ್ಡುಗಳ ಸರಣಿ. ಅಮೆರಿಕದ ಹುಡುಗರು ತಮ್ಮ ತಂಡದ ಆಟಗಾರರನ್ನೆಲ್ಲ ಒಟ್ಟುಗೂಡಿಸಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡರು. ತಂಡ ಸೋತ ದಿನ ಕಟ್ಟು ಬಿಚ್ಚಿ ಬೈದರು, ಗೆದ್ದ ದಿನ ದಿಂಬಿನಡಿ ಇಟ್ಟು ಮಲಗಿದರು.

ಆ ವರ್ಷದ ಕಾರ್ಡುಗಳೆಲ್ಲ ಖರ್ಚಾಗಲಿಲ್ಲ. ಉಳಿದ ಪೆಟ್ಟಿಗೆಗಳು ಗೋದಾಮಿನಲ್ಲಿ ಜಾಗ ತಿನ್ನುತ್ತಿದ್ದವು. 1960ರಲ್ಲಿ ಅವನ್ನು ದೋಣಿಗೆ ಹೇರಿ ಅಟ್ಲಾಂಟಿಕ್ ಸಾಗರಕ್ಕೆ ಸುರಿದದ್ದಾಗಿ ಬರ್ಗರ್ ಮುಂದೆ ಹೇಳಿಕೊಂಡ. ಅದೇ ಸರಣಿಯ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಒಂದು ಕಾರ್ಡಿಗೆ 2022ರಲ್ಲಿ ಬಂದ ಬೆಲೆ 1 ಕೋಟಿ 26 ಲಕ್ಷ ಡಾಲರ್. ಸಾಗರಕ್ಕೆ ಸುರಿದದ್ದು ರಟ್ಟೋ, ರೊಕ್ಕವೋ?

ಈ ಕಥೆ ಕೇಳಿ ಇಂದಿನ ಮಕ್ಕಳು ಡಬ್ಬಿ ಹುಡುಕಲು ಅಟ್ಟ ಹತ್ತಬೇಕಾಗಿಲ್ಲ. ಆ ಕಾರ್ಡುಗಳಿಗೆ ಬೆಲೆ ಬಂದದ್ದೇ ಉಳಿದವರೆಲ್ಲ ಬಿಸಾಡಿದ್ದರಿಂದ. 1980ರ ದಶಕದ ಕೊನೆಯಲ್ಲಿ 'ನಾಳೆ ಬೆಲೆ ಬಂದೀತು' ಎಂದು ಅಮೆರಿಕನ್ನರು ಕಾರ್ಡು ಕೂಡಿಡತೊಡಗಿದರು, ಕಂಪನಿಗಳೂ ಕೋಟಿಗಟ್ಟಲೆ ಅಚ್ಚು ಹಾಕಿದವು. ಎಲ್ಲರ ಮನೆಯಲ್ಲೂ ಇರುವ ವಸ್ತುವಿಗೆ ಯಾರು ಹಣ ಕೊಡುತ್ತಾರೆ? ಆ ವರ್ಷಗಳ ಬಹುಪಾಲು ಕಾರ್ಡುಗಳು ಕೊನೆಗೆ ರದ್ದಿಯ ಬೆಲೆಗಿಳಿದವು.

ಕ್ರಿಕೆಟ್ಟಿಗೂ ಸಿಗರೇಟ್ ಕಾರ್ಡಿನ ಇತಿಹಾಸವಿದೆ. 1900ರ ಆಸುಪಾಸಿನ ಇಂಗ್ಲೆಂಡಿನ ಸಿಗರೇಟ್ ಪೊಟ್ಟಣಗಳಲ್ಲಿ ಕ್ರಿಕೆಟಿಗರ ಚಿತ್ರಗಳು ಬರುತ್ತಿದ್ದವು. ಅವರ ನಡುವೆ ಒಬ್ಬ ಭಾರತೀಯನೂ ಇದ್ದ. ಆತ ಕೆ. ಎಸ್. ರಣಜಿತ್‌ಸಿನ್ಹಜಿ. ಯಾರ ಹೆಸರಿನ ಟ್ರೋಫಿಗಾಗಿ ಕರ್ನಾಟಕ ತಂಡ ಇಂದಿಗೂ ಹೋರಾಡುತ್ತದೆಯೋ ಅದೇ ರಣಜಿ!

ರನ್ನೂ ವಿಕೆಟ್ಟೂ ಜೇಬಿನಲ್ಲಿ

ನಮ್ಮಲ್ಲಿ ಈ ಹುಚ್ಚು ಹಬ್ಬಿದ್ದು 1980ರ ದಶಕದ ಉತ್ತರಾರ್ಧದಲ್ಲಿ. 1983ರಲ್ಲಿ ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದಿತ್ತು. 1987ರಲ್ಲಿ ಆ ಪಂದ್ಯಾವಳಿ ಭಾರತ, ಪಾಕಿಸ್ತಾನಗಳಲ್ಲೇ ನಡೆಯಿತು. ಕ್ರಿಕೆಟ್ಟಿನ ಹೆಸರು ಹೇಳಿದರೆ ಏನನ್ನಾದರೂ ಮಾರಬಹುದಾಗಿದ್ದ ಕಾಲ ಅದು. 'ಬಿಗ್ ಫನ್' ಎಂಬ ಬಬಲ್ ಗಮ್ ಜೊತೆ ಕ್ರಿಕೆಟಿಗರ ಕಾರ್ಡು ಬರತೊಡಗಿತು. ಕಾರ್ಡಿನಲ್ಲಿ ಇಷ್ಟು ರನ್ ಎಂದೋ, ವಿಕೆಟ್ ಎಂದೋ ಅಚ್ಚಾಗಿರುತ್ತಿತ್ತು. ನಿಗದಿಯಾದಷ್ಟು ರನ್ನೋ ವಿಕೆಟ್ಟೋ ಕೂಡಿದರೆ ಒಂದು ಪುಟ್ಟ ಪುಸ್ತಕ ಬಹುಮಾನ. ಅದರ ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರನೆ ಬಿಟ್ಟರೆ ಆಟಗಾರ ಸಿನಿಮಾದಂತೆ ಚಲಿಸುತ್ತಿದ್ದ. ಟೀವಿ ಇಲ್ಲದ ಮನೆಯ ಮಗುವಿನ ಕೈಯಲ್ಲಿ ಅದೊಂದು ಸ್ವಂತ ಟೀವಿ! ಬೇಕೆಂದಾಗ ಹಾಕಬಹುದು, ಕರೆಂಟು ಹೋಗುವ ಭಯವಿಲ್ಲ.

1990ರ ದಶಕದಲ್ಲಿ 'ಟ್ರಂಪ್ ಕಾರ್ಡ್' ಬಂತು. ಒಂದೊಂದು ಕಾರ್ಡಿನಲ್ಲಿ ಒಬ್ಬೊಬ್ಬ ಆಟಗಾರ. ಕೆಳಗೆ ಆಡಿದ ಪಂದ್ಯ, ಹೊಡೆದ ರನ್, ಗರಿಷ್ಠ ಮೊತ್ತ, ಪಡೆದ ವಿಕೆಟ್. ಕಟ್ಟನ್ನು ಇಬ್ಬರೋ ಮೂವರೋ ಹಂಚಿಕೊಂಡು, ಮೇಲಿನ ಕಾರ್ಡನ್ನು ನೋಡಿ 'ರನ್!' ಎಂದೋ 'ವಿಕೆಟ್!' ಎಂದೋ ಕೂಗಬೇಕು. ಯಾರ ಅಂಕಿ ದೊಡ್ಡದೋ ಅವರಿಗೆ ಎದುರಾಳಿಯ ಕಾರ್ಡು. ಕುಸ್ತಿಪಟುಗಳ ಟ್ರಂಪ್ ಕಾರ್ಡು ಕೂಡ ಇದೇ ಹೊತ್ತಿಗೆ ಶಾಲೆಗಳನ್ನು ಹೊಕ್ಕು ಮೇಷ್ಟ್ರುಗಳ ಮೇಜಿನ ಡ್ರಾಯರು ತುಂಬಿಸಿತು.

ಇದಾವುದಕ್ಕೂ ಕಾಸಿಲ್ಲದವರ ದಾರಿ ಬೇರೆಯಿತ್ತು. ಹಳೆಯ ಪತ್ರಿಕೆಯ ಕ್ರೀಡಾಪುಟದಿಂದ ಚಿತ್ರ ಕತ್ತರಿಸುವುದು, ಬರೆದು ಮುಗಿದ ನೋಟುಬುಕ್ಕಿನ ರಟ್ಟಿಗೆ ಅನ್ನದ ಅಗುಳಿನಿಂದ ಅಂಟಿಸುವುದು, ಹಿಂದೆ ಕೈಬರಹದಲ್ಲಿ ರನ್ನು ವಿಕೆಟ್ಟು ಬರೆಯುವುದು. ಕ್ಷೌರದಂಗಡಿಯಲ್ಲಿ ತನ್ನ ಸರದಿಗೆ ಕಾಯುತ್ತ ಪತ್ರಿಕೆಯ ಚಿತ್ರದ ಮೇಲೆ ಕಣ್ಣಿಟ್ಟು, 'ಇದು ಓದಿ ಆದಮ್ಯಾಲೆ ನನಗ ಕೊಡ್ರಿ ಕಾಕಾ' ಎಂದು ಮುಂಗಡವಾಗಿ ಹೇಳಿಡುವುದು. ಅಂಗಡಿಯ ಕಾರ್ಡಿಗಿಂತ ಈ ಮನೆಯ ಕಾರ್ಡಿಗೆ ಒಂದು ಹೆಚ್ಚುಗಾರಿಕೆಯಿತ್ತು. ಅಂಗಡಿಯ ಸರಣಿಯಲ್ಲಿ ಯಾರಿರಬೇಕೆಂದು ಕಂಪನಿ ತೀರ್ಮಾನಿಸುತ್ತಿತ್ತು. ಮನೆಯ ಸರಣಿಯಲ್ಲಿ ಯಾರಿರಬೇಕೆಂದು ಮಗುವೇ ತೀರ್ಮಾನಿಸುತ್ತಿತ್ತು.

ಗುಡ್ಡೆಯಿಂದ 'ನಮ್ಮವರು'

ಈ ಮಾತು ಮುಖ್ಯ. ಗಮ್ಮಿನ ಕಾರ್ಡುಗಳಲ್ಲಿ ಬರುತ್ತಿದ್ದವರು ಅಂತರರಾಷ್ಟ್ರೀಯ ಆಟಗಾರರು. ರಣಜಿ ತಂಡದ ಹನ್ನೊಂದು ಜನರ ಸರಣಿಯನ್ನು ಯಾರು ಅಚ್ಚು ಹಾಕಿಯಾರು? ಹಾಗಾಗಿ ಕರ್ನಾಟಕ ತಂಡದ ಅಭಿಮಾನಿಯಾದ ಹುಡುಗ ಕಾರ್ಡುಗಳ ಗುಡ್ಡೆಯನ್ನು ನೆಲದ ಮೇಲೆ ಹರಡಿ ತನ್ನವರನ್ನು ಹೆಕ್ಕಬೇಕಿತ್ತು. ಇವರು ನಮ್ಮವರು, ಇವರಲ್ಲ. ಕಿರ್ಮಾನಿ ಇತ್ತ, ವೆಂಗ್‌ಸರ್ಕಾರ್ ಅತ್ತ. 1983ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, ಹದಿನೆಂಟು ವಿಕೆಟ್ ಪಡೆದ ರೋಜರ್ ಬಿನ್ನಿ ಇತ್ತ, ಶ್ರೀಕಾಂತ್ ಅತ್ತ.

ಹೆಕ್ಕುವಾಗ ಪ್ರಶ್ನೆಗಳೂ ಹುಟ್ಟುತ್ತಿದ್ದವು. ಗುಂಡಪ್ಪ ವಿಶ್ವನಾಥ್ ಭದ್ರಾವತಿಯವರು. ಹಾಗಾದರೆ ಭದ್ರಾವತಿ ಎಲ್ಲಿ? ಆ ಭದ್ರೆಯ ನೀರೇ ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ ಹರಿಹರ ದಾಟಿ ರಾಣೆಬೆನ್ನೂರು ತಾಲ್ಲೂಕಿನ ಅಂಚಿಗೆ ಹರಿದು ಬರುವುದು ಎಂದು ತಿಳಿದಾಗ ಚೌಕದ ಹೊಡೆತದ ಆ ಪುಟ್ಟ ಆಟಗಾರ ಇನ್ನಷ್ಟು ಹತ್ತಿರವಾಗುತ್ತಿದ್ದ. ಜಾವಗಲ್ ಶ್ರೀನಾಥ್ ಮೈಸೂರಿನವರು, ಹೆಸರಿನ ಜಾವಗಲ್ ಇರುವುದು ಹಾಸನ ಜಿಲ್ಲೆಯಲ್ಲಿ. ಅನಿಲ್ ಕುಂಬ್ಳೆ ಬೆಂಗಳೂರಿನವರು, ಮನೆತನದ ಹೆಸರಿನ ಕುಂಬಳೆ ಇರುವುದು ಕಾಸರಗೋಡಿನಲ್ಲಿ. ಶಾಲೆಯ ಗೋಡೆಯ ನಕ್ಷೆಯಲ್ಲಿ ಸಿಗದ ಕರ್ನಾಟಕವೊಂದು ಈ ಹೆಸರುಗಳಲ್ಲಿತ್ತು.

ಇತಿಹಾಸವೂ ಸಿಗುತ್ತಿತ್ತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ 'ಕರ್ನಾಟಕ' ಎಂಬ ಹೆಸರು ಪಡೆಯಿತು. ಅದೇ ಋತುವಿನಲ್ಲಿ, 1974ರ ವಸಂತದಲ್ಲಿ, ಎರಪಳ್ಳಿ ಪ್ರಸನ್ನ ನಾಯಕತ್ವದ ತಂಡ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಮುಂಬಯಿಯನ್ನು ಹಿಂದಿಕ್ಕಿತು. ಅಲ್ಲಿಯವರೆಗೆ ಸತತ ಹದಿನೈದು ವರ್ಷ ರಣಜಿ ಟ್ರೋಫಿ ಮುಂಬಯಿಯ ಮನೆಯ ಸೊತ್ತಾಗಿತ್ತು. ಫೈನಲ್ಲಿನಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿ ಕಪ್ ಎತ್ತಿತು. ರಾಜ್ಯಕ್ಕೆ ಹೆಸರು ಸಿಕ್ಕ ಮೊದಲ ವರ್ಷವೇ ಆ ಹೆಸರಿಗೆ ಕಪ್ಪು! ಆ ಬಳಿಕ 1977-78, 1982-83. ಮತ್ತೆ 1995-96ರಿಂದ ನಾಲ್ಕು ಋತುಗಳಲ್ಲಿ ಮೂರು ಬಾರಿ. ಆಮೇಲೆ 2013-14 ಮತ್ತು 2014-15. ಒಟ್ಟು ಎಂಟು.

ಕಾರ್ಡು ಹೆಕ್ಕುವವರ ಸುಗ್ಗಿ ಎಂದರೆ 1996. ಆ ವರ್ಷದ ಮಾರ್ಚ್ 9ರಂದು ಬೆಂಗಳೂರಿನಲ್ಲಿ ನಡೆದ ವಿಶ್ವಕಪ್ ಕ್ವಾರ್ಟರ್ ಫೈನಲ್ಲಿನಲ್ಲಿ ಪಾಕಿಸ್ತಾನದ ಆಮಿರ್ ಸೊಹೇಲ್ ಚೆಂಡನ್ನು ಬೌಂಡರಿಗಟ್ಟಿ, ಮತ್ತೆ ಅಲ್ಲಿಗೇ ಹೊಡೆಯುತ್ತೇನೆಂದು ಬ್ಯಾಟು ಚಾಚಿ ತೋರಿಸಿದ. ವೆಂಕಟೇಶ ಪ್ರಸಾದ್ ಮುಂದಿನ ಚೆಂಡಿಗೇ ಅವನ ವಿಕೆಟ್ ಕಿತ್ತರು. ಭಾರತ 39 ರನ್ನುಗಳಿಂದ ಗೆದ್ದಿತು. ಜೂನ್‌ನಲ್ಲಿ ರಾಹುಲ್ ದ್ರಾವಿಡ್ ಲಾರ್ಡ್ಸ್‌ನ ಮೊದಲ ಟೆಸ್ಟಿನಲ್ಲೇ 95 ಹೊಡೆದರು. ಅಕ್ಟೋಬರ್ 21ರಂದು ಟೈಟನ್ ಕಪ್ ಪಂದ್ಯದಲ್ಲಿ ಆಸ್ಟ್ರೇಲಿಯದ ವಿರುದ್ಧ ಎಂಟು ವಿಕೆಟ್ ಬಿದ್ದು ಎಲ್ಲ ಮುಗಿಯಿತೆನ್ನುವಾಗ ಕುಂಬ್ಳೆ, ಶ್ರೀನಾಥ್ ಇಬ್ಬರೇ ನಿಂತು ಬೇಕಾಗಿದ್ದ 52 ರನ್ ಸೇರಿಸಿ ತವರಿನ ಜನರೆದುರು ಪಂದ್ಯ ಗೆದ್ದುಕೊಟ್ಟರು. 'ನಮ್ಮವರ' ಗುಡ್ಡೆ 'ಅವರ' ಗುಡ್ಡೆಗೆ ಸಾಟಿಯಾಗಿ ಬೆಳೆದ ವರ್ಷ ಅದು.

ಹಿಂಬದಿಯ ಗಣಿತ

ಕಾರ್ಡಿನ ಮುಂಬದಿ ಕಣ್ಣಿಗೆ, ಹಿಂಬದಿ ತಲೆಗೆ. ಸರಾಸರಿ ಎಂಬ ಪಾಠವನ್ನು ಎಷ್ಟೋ ಮಕ್ಕಳು ಪುಸ್ತಕಕ್ಕಿಂತ ಮೊದಲು ಇಲ್ಲಿಯೇ ಕಲಿತರು. ವಿಶ್ವನಾಥ್ ಟೆಸ್ಟಿನಲ್ಲಿ ಹೊಡೆದದ್ದು 6080 ರನ್, ಆಡಿದ್ದು 155 ಇನಿಂಗ್ಸ್, ಔಟಾಗದೆ ಉಳಿದದ್ದು ಹತ್ತು ಬಾರಿ. ಭಾಗಿಸಬೇಕಾದದ್ದು 155ರಿಂದಲ್ಲ, 145ರಿಂದ. ಉತ್ತರ 41.93. ಬ್ರಾಡ್ಮನ್ನರದು 6996 ರನ್, 80 ಇನಿಂಗ್ಸ್, ಹತ್ತು ಅಜೇಯ. ಎಪ್ಪತ್ತರಿಂದ ಭಾಗಿಸಿದರೆ 99.94. ನೂರಕ್ಕೆ ಕೂದಲೆಳೆಯಷ್ಟು ಕಡಿಮೆ! ದಶಮಾಂಶದ ಎರಡು ಸ್ಥಾನಗಳಲ್ಲಿ ಇಷ್ಟು ನೋವು ಇರಬಲ್ಲುದೆಂದು ಬೇರಾವ ಲೆಕ್ಕ ತೋರಿಸೀತು?

ಇನ್ನು ಬಿ. ಎಸ್. ಚಂದ್ರಶೇಖರ್ ಅವರ ಅಂಕಿಗಳನ್ನು ನೋಡಿ. ಬಾಲ್ಯದಲ್ಲಿ ಪೋಲಿಯೋ ತಗುಲಿ ಬಲಗೈ ಸೊರಗಿತ್ತು. ಅದೇ ಕೈಯಿಂದ 58 ಟೆಸ್ಟುಗಳಲ್ಲಿ 242 ವಿಕೆಟ್ ಕಿತ್ತರು. ಬ್ಯಾಟಿನಿಂದ ಬಂದದ್ದು 167 ರನ್. ರನ್ನಿಗಿಂತ ವಿಕೆಟ್ಟೇ ಹೆಚ್ಚು! ಅಂಥ ಕಾರ್ಡು ಕೈಗೆ ಬಂದ ಹುಡುಗ 'ರನ್!' ಎಂದು ಕೂಗಿದರೆ ಸೋಲು ಖಂಡಿತ, 'ವಿಕೆಟ್!' ಎಂದರೆ ಗೆಲುವು. ಕೈಯಲ್ಲಿರುವುದರ ಬಲವೇನೆಂದು ತಿಳಿದು ಆಡುವುದನ್ನು ಆ ಒಂದು ಕಾರ್ಡೇ ಕಲಿಸಬಲ್ಲುದು.

ಪ್ರೌಢಶಾಲೆಯ ಮಕ್ಕಳಿಗೆ ಇನ್ನೊಂದು ಲೆಕ್ಕ. ಒಂದು ಸರಣಿಯಲ್ಲಿ ಇಪ್ಪತ್ತು ಕಾರ್ಡುಗಳಿವೆ, ಎಲ್ಲವನ್ನೂ ಸಮಸಮವಾಗಿ ಅಚ್ಚು ಹಾಕಿದ್ದಾರೆ ಎನ್ನೋಣ. ಎಲ್ಲ ಇಪ್ಪತ್ತೂ ಸಿಗಲು ಸರಾಸರಿ ಎಷ್ಟು ಗಮ್ ಕೊಳ್ಳಬೇಕು? ಇಪ್ಪತ್ತಲ್ಲ, ಸುಮಾರು ಎಪ್ಪತ್ತೆರಡು! ಮೊದಲ ಹತ್ತು ಬಗೆಯ ಕಾರ್ಡು ಹದಿಮೂರು-ಹದಿನಾಲ್ಕು ಗಮ್ಮಿನಲ್ಲೇ ಸಿಕ್ಕಿಬಿಡುತ್ತವೆ. ಉಳಿದ ಹತ್ತಕ್ಕೆ ಐವತ್ತೆಂಟರಷ್ಟು ಬೇಕು. ಹತ್ತೊಂಬತ್ತು ಕೈಯಲ್ಲಿದ್ದು ಒಂದೇ ಒಂದು ಬಾಕಿ ಇರುವಾಗ, ಇಪ್ಪತ್ತರಲ್ಲಿ ಒಂದು ಮಾತ್ರ ಉಪಯೋಗಕ್ಕೆ ಬರುವಂಥದು. ಆದ್ದರಿಂದ ಆ ಕೊನೆಯ ಒಂದಕ್ಕೇ ಸರಾಸರಿ ಇಪ್ಪತ್ತು ಗಮ್! 'ಆ ಒಂದು ಕಾರ್ಡು ಮಾತ್ರ ಬರವಲ್ದು' ಎಂದು ಮಕ್ಕಳು ಅಳುವುದು ಹಣೆಬರಹದ ಮಾತಲ್ಲ, ಗಣಿತದ ಮಾತು.

ಇದಕ್ಕೆ ಮಕ್ಕಳೇ ಕಂಡುಕೊಂಡ ಪರಿಹಾರ ವಿನಿಮಯ. ಒಬ್ಬನ ಬಳಿ ಎರಡಿರುವುದು ಇನ್ನೊಬ್ಬನಿಗೆ ಒಂದೂ ಇರುವುದಿಲ್ಲ. ಐದು ಜನ ಒಟ್ಟು ಸೇರಿದರೆ ತಲಾ ಖರ್ಚು ಇಳಿಯುತ್ತದೆ. ಎರಡು ಮನೋಜ್ ಪ್ರಭಾಕರ್ ಕೊಟ್ಟು ಒಂದು ಶ್ರೀನಾಥ್ ತೆಗೆದುಕೊಳ್ಳಬೇಕೇ, ಮೂರು ಕೊಡಬೇಕೇ? ಚೌಕಾಸಿ, ಮಾತಿಗೆ ನಿಲ್ಲುವುದು, ಮೋಸ ಹೋದಾಗ ಸುಮ್ಮನಿರುವುದು, ಎಲ್ಲ ಸಂತೆಯ ಪಾಠಗಳೂ ಶಾಲೆಯ ಕಟ್ಟೆಯ ಮೇಲೇ ನಡೆದವು.

ಗದಗದಿಂದ ಒಬ್ಬ

'ನಮ್ಮವರ' ಗುಡ್ಡೆಯಲ್ಲಿ ಒಂದು ಕೊರತೆಯಿತ್ತು. ಹೆಚ್ಚಿನವರು ಬೆಂಗಳೂರಿನವರು, ಇಲ್ಲವೇ ಮೈಸೂರು ಸೀಮೆಯವರು. ಉತ್ತರ ಕರ್ನಾಟಕದ ಹುಡುಗನಿಗೆ 'ನಮ್ಮವರು' ಎಂದರೂ ಒಳಗೊಂದು ಸಣ್ಣ ಅನುಮಾನ. ಟರ್ಫ್ ವಿಕೆಟ್ಟಿಲ್ಲ, ಕ್ಲಬ್ಬಿಲ್ಲ, ಕೋಚ್ ಇಲ್ಲ. ಎರೆಮಣ್ಣಿನ ಹೊಲದಲ್ಲಿ ಬೆಳೆ ತೆಗೆದ ಮೇಲಿನ ಎರಡು ತಿಂಗಳೇ ಮೈದಾನ. ಅಲ್ಲಿಂದ ಕಾರ್ಡಿನವರೆಗೆ ಹೋಗುವವರು ಯಾರು?

ಉತ್ತರವಾಗಿ ಬಂದವರು ಸುನಿಲ್ ಜೋಶಿ. 1970ರಲ್ಲಿ ಹುಟ್ಟಿದ್ದು ಗದಗದಲ್ಲಿ. ಅಭ್ಯಾಸಕ್ಕೆ ಸೌಕರ್ಯವಿದ್ದದ್ದು ಹುಬ್ಬಳ್ಳಿಯಲ್ಲಿ. ನಡುವೆ ಸುಮಾರು ಅರವತ್ತು ಕಿಲೋಮೀಟರ್. ಬೆಳಿಗ್ಗೆ ಎದ್ದು ಹುಬ್ಬಳ್ಳಿಗೆ ಹೋಗಿ, ಬೌಲಿಂಗ್ ಮಾಡಿ, ಮತ್ತೆ ಗದಗಕ್ಕೆ ಬಂದು ಶಾಲೆಗೆ ಹೋಗುತ್ತಿದ್ದ ಹುಡುಗ ಅವರು. ಮಕ್ಕಳು 'ಬಸ್ಸು ತಪ್ಪಿತು' ಎಂದು ಶಾಲೆ ಬಿಡುವಾಗ ಹೇಳಬೇಕಾದ ಕಥೆ ಇದು.

ಎಡಗೈ ಸ್ಪಿನ್ನರ್ ಜೋಶಿ 1995-96ರ ರಣಜಿ ಋತುವಿನಲ್ಲಿ ಐನೂರಕ್ಕೂ ಹೆಚ್ಚು ರನ್ ಹೊಡೆದು ಐವತ್ತಕ್ಕೂ ಹೆಚ್ಚು ವಿಕೆಟ್ ಪಡೆದರು. ಕರ್ನಾಟಕ ಅನಿಲ್ ಕುಂಬ್ಳೆ ನಾಯಕತ್ವದಲ್ಲಿ ಕಪ್ ಗೆದ್ದಿತು. 1996ರಲ್ಲಿ ಜೋಶಿ ಭಾರತ ತಂಡದಲ್ಲಿದ್ದರು. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಅವರ ಲೆಕ್ಕ ಹೀಗಿತ್ತು: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಅರವತ್ತು ಚೆಂಡಿಗೆ ಆರೇ ರನ್! 2000ದ ನವೆಂಬರ್‌ನಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದಾಗ ಢಾಕಾದಲ್ಲಿ 92 ರನ್ ಹೊಡೆದು, ಒಂದೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು.

ಅವರ ಹದಿನೈದು ಟೆಸ್ಟು, 41 ವಿಕೆಟ್ಟುಗಳನ್ನು ಟ್ರಂಪ್ ಕಾರ್ಡಿನ ಆಟದಲ್ಲಿ ಇಟ್ಟರೆ ಕುಂಬ್ಳೆಯವರ 619ರ ಎದುರು ನಿಲ್ಲವು. ಆದರೆ ಗದಗ, ಹಾವೇರಿ, ಧಾರವಾಡ ಕಡೆಯ ಹುಡುಗನೊಬ್ಬನಿಗೆ ಆ ಚಿತ್ರದ ಬೆಲೆ ಬೇರೆ. ಗವಾಸ್ಕರ್ ಕಾರ್ಡು ನೋಡಿ 'ಎಂಥಾ ಆಟಗಾರ!' ಎನ್ನುತ್ತಿದ್ದವನು ಜೋಶಿಯವರ ಚಿತ್ರ ನೋಡಿ 'ನಮ್ಮ ಗದಗದಾಂವ' ಎಂದ. ಮೊದಲನೆಯದು ಬೆರಗು, ಎರಡನೆಯದು ಭರವಸೆ. ಮುಂದೆ ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ 2012ರಿಂದ ರಣಜಿ ಪಂದ್ಯಗಳೇ ನಡೆಯತೊಡಗಿದವು. ಕಾರ್ಡಿನಲ್ಲಿ ನೋಡಿದವರನ್ನು ಹಾವೇರಿ, ರಾಣೆಬೆನ್ನೂರಿನ ಮಕ್ಕಳು ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ದೂರದಲ್ಲಿ ಕಣ್ಣಾರೆ ನೋಡುವಂತಾಯಿತು.

ಡಬ್ಬಿಯಲ್ಲಿ ಇಲ್ಲದ ಮುಖ

ಇಲ್ಲಿಯವರೆಗೆ 'ಹುಡುಗ, ಹುಡುಗ' ಎಂದೇ ಹೇಳಿದ್ದಾಯಿತು. ಹುಡುಗಿಯರು ಕಾರ್ಡು ಕೂಡಿಸಲಿಲ್ಲವೇ? ಕೂಡಿಸಿದರು. ಅಣ್ಣನ ಡಬ್ಬಿ ಕಾಯ್ದವರು, ಅಂಕಿಗಳನ್ನು ಅಣ್ಣನಿಗಿಂತ ಚೆನ್ನಾಗಿ ಬಾಯಿಪಾಠ ಹೇಳಿದವರು ಎಷ್ಟೋ ಮಂದಿ. ಆದರೆ ಆ ಡಬ್ಬಿಯಲ್ಲಿ ಅವರಂಥ ಒಂದು ಮುಖವೂ ಇರಲಿಲ್ಲ.

ಆಟಗಾರ್ತಿಯರೇ ಇರಲಿಲ್ಲವೆಂದಲ್ಲ. ಭಾರತದ ಮಹಿಳಾ ತಂಡ 1976ರಲ್ಲಿ ತನ್ನ ಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನಲ್ಲಿ. ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಕ್ರಿಕೆಟ್ಟಿಗಾಗಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳೆಯೂ ಅವರೇ. ಗಮ್ಮಿನ ಕಾರ್ಡು ಬರುವ ಹತ್ತು ವರ್ಷ ಮೊದಲೇ ಅವರು ಆಡುತ್ತಿದ್ದರು. ಚಿತ್ರ ಅಚ್ಚಾಗಲಿಲ್ಲ, ಅಷ್ಟೇ.

ವಿಜಯಪುರದ ರಾಜೇಶ್ವರಿ ಗಾಯಕ್‌ವಾಡ್ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಹದಿನೈದು ರನ್ನಿಗೆ ಐದು ವಿಕೆಟ್ ಪಡೆದು ಭಾರತವನ್ನು ಸೆಮಿಫೈನಲ್ಲಿಗೆ ದಾಟಿಸಿದರು. ಅದೇ ತಂಡದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ ಕೂಡ ಇದ್ದರು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕವನ್ನು ಸೋಲಿಸಿ ಭಾರತದ ಮಹಿಳೆಯರು ಕೊನೆಗೂ ವಿಶ್ವಕಪ್ ಎತ್ತಿದರು. ಈಗ ಮನೆಯಲ್ಲಿ ಕಾರ್ಡು ಮಾಡಲು ಕುಳಿತ ಹುಡುಗಿ ಪತ್ರಿಕೆಯಲ್ಲಿ ತನ್ನ ತಂಡವನ್ನು ಹುಡುಕಿ ಸೋಲಬೇಕಾಗಿಲ್ಲ. ಗದಗದ ಚಿತ್ರ ಹುಡುಗನೊಬ್ಬನಿಗೆ ಮಾಡಿದ ಕೆಲಸವನ್ನು ವಿಜಯಪುರದ ಚಿತ್ರ ಇವಳಿಗೆ ಮಾಡಬಲ್ಲುದು.

ಆಮಿಷದ ಇನ್ನೊಂದು ಮುಖ

ಹಾಗೆಂದು ತಾಯಂದಿರ ಬೈಗುಳ ತಪ್ಪೆನ್ನುವಂತಿಲ್ಲ. ಕಾರ್ಡು ಮಗುವಿನ ಸಂತೋಷಕ್ಕಷ್ಟೇ ಅಲ್ಲ, ವ್ಯಾಪಾರಕ್ಕೂ ಹುಟ್ಟಿದ್ದು. ತಂಬಾಕಿನ ಕಾಲದಿಂದಲೂ ಅದರ ಗುಟ್ಟು ಒಂದೇ. ಒಳಗೇನಿದೆ ಎಂದು ಮೊದಲೇ ತಿಳಿಯಬಾರದು. 1999ರ ವಿಶ್ವಕಪ್ ಹೊತ್ತಿಗೆ ಬ್ರಿಟಾನಿಯಾ ಬಿಸ್ಕತ್ತಿನ ಹೊದಿಕೆಗಳ ಮೇಲೆ ರನ್ನುಗಳು ಬಂದವು. ನೂರು ರನ್ ಕೂಡಿಸಿದರೆ ಅದೃಷ್ಟ ಪರೀಕ್ಷೆ, ಗೆದ್ದವರಿಗೆ ಇಂಗ್ಲೆಂಡ್ ಪ್ರವಾಸ. ದೇಶದ ಮನೆಮನೆಗಳಲ್ಲಿ ಬಿಸ್ಕತ್ತು ತಿಂದು ಹೊದಿಕೆ ಕತ್ತರಿಸಿದ್ದೇ ಕತ್ತರಿಸಿದ್ದು! ವಿಮಾನ ಹತ್ತಿದವರು ಕೆಲವರು, ಬಿಸ್ಕತ್ತು ತಿಂದವರು ಎಲ್ಲರೂ.

ಬಿಸ್ಕತ್ತಾದರೂ ಹೊಟ್ಟೆಗೆ ಹೋಯಿತು. ಮುಂದೆ ಮೊಬೈಲಿನಲ್ಲಿ ಹನ್ನೊಂದು ಜನರನ್ನು ಆರಿಸಿ ದುಡ್ಡು ಕಟ್ಟುವ ಆಟಗಳು ಬಂದಾಗ ಅಂಕಿ ಅಂಶದ ಅದೇ ಆಸಕ್ತಿ ಜೂಜಿನ ಬಾಗಿಲಿಗೆ ಹೋಯಿತು. 2025ರ ಆಗಸ್ಟ್‌ನಲ್ಲಿ ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಅಂಗೀಕರಿಸಬೇಕಾಯಿತು. ಎಂಟಾಣೆಯ ಗಮ್ಮಿಗೂ ಇದಕ್ಕೂ ಅಜಗಜಾಂತರ ಎನ್ನಬಹುದು. 'ಇನ್ನೊಂದು ಸಲ ನೋಡೋಣ' ಎನ್ನುವ ಮನಸ್ಸು ಮಾತ್ರ ಒಂದೇ.

ತಂದೆತಾಯಿಯರು ಗೆರೆ ಎಳೆಯಬೇಕಾದದ್ದು ಇಲ್ಲಿ. ಕೂಡಿಸುವುದು ಬೇರೆ, ಕೊಳ್ಳುವುದು ಬೇರೆ. ತಿಂಗಳಿಗೆ ಇಷ್ಟೇ ಎಂದು ಮೊದಲೇ ಹೇಳಿದ ಮೊತ್ತದೊಳಗೆ, ಉಳಿದದ್ದನ್ನು ಗೆಳೆಯರೊಡನೆ ವಿನಿಮಯ ಮಾಡಿ ಸಂಪಾದಿಸುವ ಮಗು ಕಳೆದುಕೊಳ್ಳುವುದೇನೂ ಇಲ್ಲ. ಮೇಲಿನ ಎಪ್ಪತ್ತೆರಡರ ಲೆಕ್ಕವನ್ನು ಮಗುವಿನಿಂದಲೇ ಮಾಡಿಸಿದರೆ, ಬೈಗುಳಕ್ಕಿಂತ ಚೆನ್ನಾಗಿ ಆ ಲೆಕ್ಕವೇ ಬುದ್ಧಿ ಹೇಳೀತು.

ಅದಕ್ಕೂ ಒಳ್ಳೆಯ ದಾರಿ ಆ ಹಳೆಯ ದಾರಿಯೇ. ಒಂದು ಪತ್ರಿಕೆ, ಒಂದು ಕತ್ತರಿ, ನೋಟುಬುಕ್ಕಿನ ರಟ್ಟು, ಒಂದಿಷ್ಟು ಅಂಟು. ಮುಂದೆ ಚಿತ್ರ. ಹಿಂದೆ ಹೆಸರು, ಹುಟ್ಟಿದ ಊರು, ಆ ಊರು ಇರುವ ಜಿಲ್ಲೆ, ಆಡಿದ ಪಂದ್ಯ, ರನ್, ವಿಕೆಟ್, ಸ್ವತಃ ಭಾಗಿಸಿ ತೆಗೆದ ಸರಾಸರಿ. ರಣಜಿ ಋತು ನಡೆಯುವಾಗ ವಾರಕ್ಕೊಮ್ಮೆ ಅಂಕಿಗಳನ್ನು ಪೆನ್ಸಿಲಿನಲ್ಲಿ ತಿದ್ದುತ್ತ ಹೋದರೆ ತಂಡದ ಏಳುಬೀಳು ಕಣ್ಣೆದುರೇ ಇರುತ್ತದೆ. ಕ್ರಿಕೆಟ್ಟೇ ಆಗಬೇಕೆಂದೂ ಇಲ್ಲ. ಕಬಡ್ಡಿ, ಕೊಕ್ಕೊ, ಕುಸ್ತಿ, ತಾಲ್ಲೂಕು ಮಟ್ಟದ ಓಟದಲ್ಲಿ ಗೆದ್ದ ಸ್ವಂತ ಶಾಲೆಯ ಹುಡುಗಿ, ಯಾರಿಗೆ ಬೇಕಾದರೂ ಕಾರ್ಡು ಮಾಡಬಹುದು.

ಮೇಡ್ಲೇರಿಗೆ ಚಿನ್ನಸ್ವಾಮಿ ಕ್ರೀಡಾಂಗಣ ಇಂದಿಗೂ ಅಷ್ಟೇ ದೂರ. ಟೀವಿ, ಮೊಬೈಲು ಬಂದು ಆಟ ಕಣ್ಣಿಗೆ ಹತ್ತಿರವಾಗಿದೆ, ನಿಜ. ಆದರೆ ಬೆರಳಿನಿಂದ ಸರಿಸಿದರೆ ಮರೆಯಾಗುವ ಚಿತ್ರಕ್ಕೂ, ಕತ್ತರಿಸಿ ಅಂಟಿಸಿ ಹಿಂದೆ ಊರಿನ ಹೆಸರು ಬರೆದಿಟ್ಟ ಚಿತ್ರಕ್ಕೂ ವ್ಯತ್ಯಾಸವಿದೆ. ಆ ಡಬ್ಬಿಯಲ್ಲಿ ಹನ್ನೊಂದು ಕಾರ್ಡು ಕೂಡಿದ ಮೇಲೂ ಒಂದು ಖಾಲಿ ರಟ್ಟು ಉಳಿದಿರಲಿ. ಅದರ ಹಿಂದೆ 'ಹುಟ್ಟಿದ ಊರು: ಮೇಡ್ಲೇರಿ' ಎಂದು ಮೊದಲೇ ಬರೆದಿಟ್ಟರೆ ಯಾರ ಗಂಟೂ ಹೋಗುವುದಿಲ್ಲ.